ದುಡಿಮೆ ಇದೆ, ದಾಖಲೆ ಇಲ್ಲ



ತೋಟದ ಕೂಲಿ ಸಾಲದೆ ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರು ಹಪ್ಪಳ ಮಾಡುತ್ತಾರೆ, ಬಟ್ಟೆ ಹೊಲಿಯುತ್ತಾರೆ. ನಾಯ್ಮಾರ್ಮೂಲೆಯ ರಸ್ತೆ ಬದಿಯಲ್ಲಿ ಚಹಾ ಮಾರುವವರೂ ಇದ್ದಾರೆ. ದುಡಿಮೆ ಇದೆ, ದಾಖಲೆ ಇಲ್ಲ. ಆದ್ದರಿಂದ ಒಂದು ಹೊಲಿಗೆ ಯಂತ್ರ ಕೊಳ್ಳುವುದಕ್ಕೂ ಬಡ್ಡಿಯವನ ಬಾಗಿಲು ತಟ್ಟಬೇಕು.

ಹೆಸರು ಬರೆಸಿದರೆ ತೆರಿಗೆ ಬೀಳುತ್ತದೆಂಬ ಹೆದರಿಕೆ ನಮ್ಮಲ್ಲಿದೆ. ಅದು ಸರಿಯಲ್ಲ. 2020ರ ಜುಲೈ 1ರಂದು ಆರಂಭವಾದ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ನೋಂದಣಿಯಾದ ಮಾತ್ರಕ್ಕೆ ತೆರಿಗೆಯೂ ಇಲ್ಲ. ಜಿ.ಎಸ್.ಟಿ. ವಿನಾಯಿತಿ ಇರುವ ತೀರ ಸಣ್ಣ ಕಸುಬಿನವರಿಗಾಗಿ 2023ರ ಜನವರಿಯಲ್ಲಿ ಉದ್ಯಮ್ ಅಸಿಸ್ಟ್ ಬಂತು. ಬ್ಯಾಂಕಿನಂಥ ಸಂಸ್ಥೆಗಳ ಮೂಲಕ ಸಿಗುವ ಆ ಪತ್ರ ತೋರಿಸಿ ಆದ್ಯತಾ ವಲಯದ ಸಾಲ ಕೇಳಬಹುದು. ಸಾಲ ಸಿಕ್ಕೇ ಸಿಗುತ್ತದೆಂದಲ್ಲ. ಕೇಳುವ ಬಾಗಿಲು ತೆರೆಯುತ್ತದೆ. ನೋಂದಣಿಗೆಂದು ದಲ್ಲಾಳಿ ಹಣ ಕೇಳಿದರೆ ಕೊಡಬೇಡಿ.

ಆದರೆ ಹಿಂಜರಿಕೆಯ ತಪ್ಪನ್ನೆಲ್ಲ ಬಡವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕನ್ನಡ ಮಾತ್ರ ಬಲ್ಲ ತಾಯಿ ಅರ್ಜಿಯ ಮುಂದೆ ಮೂಕರಾಗುತ್ತಾರೆ. ಒಂದು ದಿನ ಕಚೇರಿಗೆ ಅಲೆದರೆ ಆ ದಿನದ ಕೂಲಿ ಹೋಯಿತು. ಆದ್ದರಿಂದ ಅಧಿಕಾರಿಗಳು ತಿಂಗಳಿಗೊಮ್ಮೆಯಾದರೂ ಊರಿಗೇ ಬಂದು ಕನ್ನಡದಲ್ಲಿ ತಿಳಿಸಿಕೊಡಲಿ. ಓದಿದ ನಮ್ಮ ಮಕ್ಕಳು ಅಕ್ಕಪಕ್ಕದ ಮನೆಯವರ ಅರ್ಜಿ ತುಂಬಿಕೊಡಲಿ. ದಿನದ ಖರ್ಚು, ವ್ಯಾಪಾರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಇಂದಿನಿಂದಲೇ ಆರಂಭಿಸೋಣ.