ಫಾರ್ಮ್ಯಾಟ್ ಮೊದಲ ಮದ್ದಲ್ಲ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈಗ ಹಳೆಯ ಕಂಪ್ಯೂಟರಿಗೂ ವಿಂಡೋಸ್ 11 ಹಾಕಿಸುವ ಅವಸರ. ಅದು ಅರ್ಧಕ್ಕೆ ನಿಂತರೆ ನಮ್ಮ ಕಲಘಟಗಿ ಕಡೆ ಮೊದಲು ಕೇಳುವ ಮಾತು, ‘ಫಾರ್ಮ್ಯಾಟ್ ಮಾಡಿಸಿಬಿಡ್ರಿ.’

ಇದಕ್ಕೆ ನಮ್ಮ ತಕರಾರಿದೆ. ಅರ್ಜಿ ತುಂಬುವ ಅಂಗಡಿಯ ಕಂಪ್ಯೂಟರಿನಲ್ಲಿ ರೈತರ ಉತಾರ ಇರುತ್ತದೆ, ಶಾಲೆಯದರಲ್ಲಿ ಮಕ್ಕಳ ಅಂಕಪಟ್ಟಿ. ಬಹಳ ಮಂದಿ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಇಟ್ಟಿರುತ್ತಾರೆ. ಡೆಸ್ಕ್‌ಟಾಪ್ ಇರುವುದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ. ಅದನ್ನು ಫಾರ್ಮ್ಯಾಟ್ ಮಾಡಿದರೆ ಅಷ್ಟೂ ಹೋಯಿತು.

ಅಪ್‌ಗ್ರೇಡ್ ಆಗದಿದ್ದರೆ ವಿಂಡೋಸ್ ಸಾಮಾನ್ಯವಾಗಿ ತಾನೇ ಹಳೆಯದಕ್ಕೆ ಮರಳುತ್ತದೆ. ಆಗ ನಡುವೆ ಆಫ್ ಮಾಡಬೇಡಿ. ಪರದೆ ಮೇಲಿನ ಎರರ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಸಿ ಡ್ರೈವ್‌ನಲ್ಲಿ ಜಾಗ ಇದೆಯೇ ನೋಡಿ. ಪ್ರಿಂಟರ್, ಪೆನ್‌ಡ್ರೈವ್ ತೆಗೆದು ಮತ್ತೊಮ್ಮೆ ಪ್ರಯತ್ನಿಸಿ.

ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, 4 ಜಿಬಿ ರ್‍ಯಾಮ್, ಕಂಪನಿ ಒಪ್ಪಿದ ಪ್ರೊಸೆಸರ್ ಕೇಳುತ್ತದೆ. ಕೆಲವು ಕಂಪ್ಯೂಟರಿನಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ, ಆನ್ ಮಾಡಿದರೆ ಸಾಕು. ಪ್ರೊಸೆಸರೇ ಹಳೆಯದಾದರೆ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಹೊಸದಾಗದು. ಅಂಥದಕ್ಕೆ ಉಚಿತ ಲಿನಕ್ಸ್ ಹಾಕಿಸಬಹುದು. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಅದನ್ನೇ ಬಳಸುತ್ತಿವೆ.

ಕಂಪ್ಯೂಟರ್ ಶುರುವೇ ಆಗದಿದ್ದರೂ ಹಾರ್ಡ್‌ಡಿಸ್ಕ್ ಬಿಚ್ಚಿ, ಬೇರೆ ಕಂಪ್ಯೂಟರಿಗೆ ಜೋಡಿಸಿ ಫೈಲ್ ತೆಗೆಯಲು ಬಹಳ ಸಲ ಸಾಧ್ಯ. ರಿಪೇರಿಯವರು ಮೊದಲು ಆ ಕೆಲಸ ಮಾಡಿಕೊಡಲಿ, ಅದಕ್ಕೆ ಕೂಲಿ ಕೊಡೋಣ. ಕಾಪಿಯಾದ ಫೈಲನ್ನು ಕಣ್ಣಾರೆ ತೆರೆದು ನೋಡಿ. ಫಾರ್ಮ್ಯಾಟಿಗೆ ಹ್ಞೂಂ ಅನ್ನುವುದು ಆಮೇಲೆ.