ಡಿಸ್ಕ್ ಕೊಳ್ಳುವ ಮೊದಲು ಅಟ್ಟದ ಕ್ಯಾಸೆಟ್ ಇಳಿಸಿ

ಶಾಸ್ತ್ರೀಯ ಸಂಗೀತ ಕೇಳುವ ಹುಡುಗ ಹುಡುಗಿಯರ ಬಾಯಲ್ಲಿ ಈಗ ‘ಹೈ-ರೆಸ್’ ಎಂಬ ಪದ ಓಡಾಡುತ್ತಿದೆ. ಸೂಪರ್ ಆಡಿಯೊ ಸಿಡಿ, ಬ್ಲೂ-ರೇ ಆಡಿಯೊ, 24 ಬಿಟ್, 192 ಕಿಲೊಹರ್ಟ್ಸ್ ಎಂದೆಲ್ಲ ಮಾತು. ಡಿಸ್ಕಿನ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ಸಂಗೀತ ಚೆನ್ನಾಗಿರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಇವು ಆನ್‌ಲೈನ್‌ನಲ್ಲಿ ತರಿಸಬೇಕಾದ ದುಬಾರಿ ವಸ್ತುಗಳು. ಡಿಸ್ಕ್ ಬಂದರೆ ಸಾಲದು, ಅದನ್ನು ನುಡಿಸುವ ಪ್ಲೇಯರ್, ಒಳ್ಳೆಯ ಸ್ಪೀಕರ್ ಕೂಡ ಬೇಕು. ಕೆಲಸ ಸಿಗುವ ಮೊದಲು, ಮನೆಯಿಂದ ಬರುವ ದುಡ್ಡಿನಲ್ಲಿ ದಿನ ಕಳೆಯುವ ನಮ್ಮಂಥವರು ಇದಕ್ಕೆ ಕೈಹಾಕುವ ಮೊದಲು ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ, ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆದಿಡುತ್ತದೆ. ಸಿಗ್ನಲ್ ಪ್ರೊಸೆಸಿಂಗ್ ಓದಿದವರಿಗೆ ನೈಕ್ವಿಸ್ಟ್ ಸೂತ್ರ ಗೊತ್ತು: ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು. ಮನುಷ್ಯರ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್, ವಯಸ್ಸಾದಂತೆ ಅದೂ ಇಳಿಯುತ್ತದೆ. ಹಾಗಾಗಿ ಸಿಡಿಯ 44,100 ಎಂಬುದು ಜಿಪುಣತನದ ಸಂಖ್ಯೆಯಲ್ಲ. 16 ಬಿಟ್ ಎಂದರೆ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ. ತಂಬೂರಿಯ ಮೆಲುದನಿಯಿಂದ ಚೆಂಡೆಯ ಹೊಡೆತದವರೆಗೆ ಮನೆಯಲ್ಲಿ ಕೂತು ಕೇಳಲು ಇಷ್ಟು ಧಾರಾಳವಾಯಿತು.

ಇದು ಬರೀ ಪುಸ್ತಕದ ಮಾತಲ್ಲ. 2007ರಲ್ಲಿ ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೈ-ರೆಸ್ ಡಿಸ್ಕಿನ ಧ್ವನಿಯನ್ನು ನೇರವಾಗಿ ಒಮ್ಮೆ, ಸಿಡಿ ಗುಣಮಟ್ಟಕ್ಕೆ ಇಳಿಸಿ ಇನ್ನೊಮ್ಮೆ ಕೇಳಿಸಿ, ಯಾವುದು ಯಾವುದೆಂದು ಹೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯುತ್ತರ ಬಂದದ್ದು 276. ನಾಣ್ಯ ಚಿಮ್ಮಿದರೂ ಇಷ್ಟೇ ಬರುತ್ತಿತ್ತು. ಇನ್ನೊಂದು ಪಕ್ಷವನ್ನೂ ಹೇಳಬೇಕು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ 18 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಶೇ 52.3ರಷ್ಟು ಸರಿಯುತ್ತರ ಕಂಡಿತು. ವ್ಯತ್ಯಾಸ ಇದೆ, ಆದರೆ ಕೂದಲೆಳೆಯಷ್ಟು. ಅಷ್ಟಕ್ಕಾಗಿ ಒಂದು ತಿಂಗಳ ಪಿಜಿ ಬಾಡಿಗೆ ತೆರಬೇಕೇ?

ಹಾಗಾದರೆ ಹೈ-ರೆಸ್ ಡಿಸ್ಕ್ ಕೇಳಿ ‘ಆಹಾ’ ಎಂದವರೆಲ್ಲ ಸುಳ್ಳು ಹೇಳಿದರೇ? ಇಲ್ಲ. ಮೇಯರ್ ಮತ್ತು ಮೊರಾನ್ ಅವರೇ, ಆ ಡಿಸ್ಕ್‌ಗಳು ಸಾಮಾನ್ಯ ಸಿಡಿಗಳಿಗಿಂತ ಚೆನ್ನಾಗಿ ಕೇಳುತ್ತಿದ್ದವು ಎಂದಿದ್ದಾರೆ. ಕಾರಣ ಬಿಟ್‌ಗಳಲ್ಲ, ಅವುಗಳ ರೆಕಾರ್ಡಿಂಗ್ ಮತ್ತು ಮಾಸ್ಟರಿಂಗ್‌ನಲ್ಲಿ ತೆಗೆದುಕೊಂಡ ಕಾಳಜಿ. ಮೈಕ್ ಎಲ್ಲಿಟ್ಟರು, ಸಭಾಂಗಣ ಹೇಗಿತ್ತು, ಧ್ವನಿಯನ್ನು ಹಿಂಡಿ ಅಬ್ಬರ ಮಾಡಿದರೋ ಇಲ್ಲವೋ ಎಂಬುದರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. 1967ರಲ್ಲಿ ತೀರಿಕೊಂಡ ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ಅಂದಿನ ಯಂತ್ರ ಎಷ್ಟು ಹಿಡಿಯಿತೋ ಅಷ್ಟೇ ಇಂದು ನಮಗಿರುವುದು. ಅದನ್ನು 192 ಕಿಲೊಹರ್ಟ್ಸ್‌ನ ಡಿಸ್ಕಿಗೆ ಹಾಕಿದರೆ ಹೊಸ ನಾದವೇನೂ ಹುಟ್ಟುವುದಿಲ್ಲ. ಪಾತ್ರೆ ದೊಡ್ಡದಾದರೆ ಪಾಯಸ ಹೆಚ್ಚಾಗುತ್ತದೆಯೇ?

ಕೊಳ್ಳಲೇಬೇಕು ಎನ್ನುವವರು ಒಂದೆರಡು ವಿಷಯ ತಿಳಿದಿರಲಿ. 1999ರಲ್ಲಿ ಬಂದ ಸೂಪರ್ ಆಡಿಯೊ ಸಿಡಿಯ ಹೈ-ರೆಸ್ ಪದರವನ್ನು ಲ್ಯಾಪ್‌ಟಾಪಿನ ಡ್ರೈವ್ ಓದುವುದಿಲ್ಲ. ‘ಹೈಬ್ರಿಡ್’ ಎಂದಿದ್ದರೆ ಅದರ ಸಿಡಿ ಪದರ ಮಾತ್ರ ಕೇಳುತ್ತದೆ. ಸಾಮಾನ್ಯ ಬ್ಲೂಟೂತ್ ಇಯರ್‌ಫೋನ್ ಹಾಕಿದರಂತೂ ಧ್ವನಿ ಸಿಡಿಯ ಮಟ್ಟಕ್ಕಿಂತಲೂ ಕೆಳಗೆ ಕುಗ್ಗಿಯೇ ಕಿವಿ ಸೇರುತ್ತದೆ. ಇರುವ ದುಡ್ಡಿನಲ್ಲಿ ಒಂದು ಒಳ್ಳೆಯ ವಯರ್ ಹೆಡ್‌ಫೋನ್, ಇಷ್ಟದ ಕಲಾವಿದರ ನಾಲ್ಕು ಮಾಮೂಲಿ ಸಿಡಿ ಕೊಂಡರೆ ಹೆಚ್ಚು ಸಂಗೀತ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ, 24 ಬಿಟ್ ನಿಜಕ್ಕೂ ಬೇಕಾಗುವ ಜಾಗವನ್ನೂ ಹೇಳಬೇಕು. ಅದು ಕೇಳುವಾಗ ಅಲ್ಲ, ಧ್ವನಿಯನ್ನು ಮುದ್ರಿಸುವಾಗ, ಕಾಪಿಡುವಾಗ. ಭಾಗವತರು ಮೆಲ್ಲಗೆ ಪದ ಎತ್ತಿಕೊಂಡಿರುತ್ತಾರೆ, ಇದ್ದಕ್ಕಿದ್ದಂತೆ ಚೆಂಡೆ ಏರುತ್ತದೆ. 24 ಬಿಟ್‌ನಲ್ಲಿ ಮುದ್ರಿಸಿದರೆ ಮಟ್ಟವನ್ನು ಧೈರ್ಯವಾಗಿ ಕೆಳಗಿಡಬಹುದು. ಚೆಂಡೆಯ ಪೆಟ್ಟು ಒಡೆಯುವುದಿಲ್ಲ, ಆಮೇಲೆ ಸದ್ದು ಏರಿಸಿದರೆ ಹಿನ್ನೆಲೆಯಲ್ಲಿ ಸುಯ್ ಎನ್ನುವ ಗದ್ದಲವೂ ಸೇರುವುದಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಹಳೆಯ ಧ್ವನಿಗೆ ಕನಿಷ್ಠ 24 ಬಿಟ್, 48 ಕಿಲೊಹರ್ಟ್ಸ್ ಇರಲಿ ಎನ್ನುವುದೂ ಇಂಥ ಕಾರಣಕ್ಕೇ. ಹಳೆಯ ಟೇಪನ್ನು ಮತ್ತೊಮ್ಮೆ ಓಡಿಸಲು ಸಾಧ್ಯವಾಗುತ್ತದೆ ಎಂಬ ಭರವಸೆ ಇಲ್ಲ.

ಅಂಥ ಟೇಪುಗಳು ನಮ್ಮ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲೇ ಇವೆ. ಉಪ್ಪಿನಂಗಡಿ ಸಮೀಪದ ಕಾಂಚನದಂಥ ಹಳ್ಳಿಯಲ್ಲಿ ಕರ್ನಾಟಕ ಸಂಗೀತ ಬೇರುಬಿಟ್ಟ ಸೀಮೆ ಇದು. ಊರೂರಲ್ಲಿ ತಾಳಮದ್ದಳೆ ನಡೆಯುವ ಸೀಮೆಯೂ ಹೌದು. ಟೇಪ್ ರೆಕಾರ್ಡರ್ ಬಂದ ಕಾಲದಲ್ಲಿ ದೇವಸ್ಥಾನದ ಕಚೇರಿ, ಮದುವೆ ಮನೆಯ ಹಾಡು, ರಾತ್ರಿಯಿಡೀ ನಡೆದ ಕೂಟ ಎಲ್ಲವನ್ನೂ ಅಜ್ಜಂದಿರು, ಮಾವಂದಿರು ಕ್ಯಾಸೆಟ್ಟಿಗೆ ಹಿಡಿದರು. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ, ಬಲಿಪ ನಾರಾಯಣ ಭಾಗವತರು 2023ರಲ್ಲಿ ನಮ್ಮನ್ನಗಲಿದರು. ಅವರ ಅರ್ಥ, ಅವರ ಪದ ಇನ್ನು ಹೊಸದಾಗಿ ಮುದ್ರಣವಾಗುವುದಿಲ್ಲ. ಯಾವ ಕಂಪನಿಯೂ ಮುದ್ರಿಸದ ಒಂದು ರಾತ್ರಿಯ ಪ್ರಸಂಗ ಯಾರದೋ ಅಟ್ಟದ ಡಬ್ಬದಲ್ಲಿ, ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತಿರಬಹುದು.

ಇದಕ್ಕೆ ಬೇಕಾದದ್ದು ಸುಸ್ಥಿತಿಯ ಒಂದು ಕ್ಯಾಸೆಟ್ ಪ್ಲೇಯರ್, ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ಲ್ಯಾಪ್‌ಟಾಪ್. ‘ಆಡಾಸಿಟಿ’ ತಂತ್ರಾಂಶ ಉಚಿತ. ಮೊದಲು ಪ್ಲೇಯರಿನ ಹೆಡ್ ಒರೆಸಿ, ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ. ಬೂಸ್ಟು ಕಂಡರೆ ಓಡಿಸಬೇಡಿ, ತಿಳಿದವರಿಗೆ ತೋರಿಸಿ. 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 2 ಜಿಬಿ ಸಾಕು. 90 ನಿಮಿಷದ 50 ಕ್ಯಾಸೆಟ್ಟಿಗೆ ಸುಮಾರು 155 ಜಿಬಿ. ಎಂಪಿ3 ಮಾಡಿ ಹಂಚಿ, ಆದರೆ ಮೂಲವನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಎರಡು ಕಡೆ ಇಡಿ. ಯಾರು, ಎಲ್ಲಿ, ಯಾವ ಪ್ರಸಂಗ ಅಥವಾ ರಾಗ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಹೆಸರಿಲ್ಲದ ಫೈಲು ಅಟ್ಟದ ಕ್ಯಾಸೆಟ್ಟಿಗಿಂತ ಬೇಗ ಕಳೆದುಹೋಗುತ್ತದೆ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಯೂಟ್ಯೂಬಿಗೆ ಏರಿಸುವುದು ಸರಿಯಲ್ಲ. ನಮ್ಮ ಕಾನೂನಿನಲ್ಲಿ ಪ್ರಕಟಿತ ಧ್ವನಿಮುದ್ರಣದ ಹಕ್ಕು 60 ವರ್ಷ, ಕಲಾವಿದರ ಹಕ್ಕು 50 ವರ್ಷ ಇರುತ್ತದೆ. ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿಯೇ ಹಂಚಬೇಕು. ಬದುಕಿರುವ ಕಲಾವಿದರ ಆಲ್ಬಮ್‌ಗೆ, ಕಚೇರಿಗೆ ದುಡ್ಡು ಕೊಡುವುದೂ ಇದೇ ಕೆಲಸದ ಇನ್ನೊಂದು ಭಾಗ.

ಹೈ-ರೆಸ್ ಡಿಸ್ಕ್ ಇವತ್ತು ಕೊಳ್ಳದಿದ್ದರೆ ಕೆಲಸ ಸಿಕ್ಕ ಮೇಲೆ ಕೊಳ್ಳಬಹುದು. ಅಟ್ಟದ ಮೇಲಿನದಕ್ಕೆ ಅಷ್ಟು ಸಮಯವಿಲ್ಲ. ಸೆಮಿಸ್ಟರ್ ರಜೆಯಲ್ಲಿ ಮೂರ್ನಾಲ್ಕು ಗೆಳೆಯರು ಸೇರಿ ಸೌಂಡ್ ಕಾರ್ಡಿಗೆ ದುಡ್ಡು ಹಾಕಿದರೆ, ಮುಂದಿನ ಮಳೆಗೆ ಮೊದಲು ನಾಲ್ಕು ಮನೆಗಳ ಸಂಗೀತ ಉಳಿಯುತ್ತದೆ.