ಹುಸಿ ಮೀನು, ದಿಟದ ಮೀನು

ಗಾಳ ಹಾಕುವುದೆಂಬ ಮಾತಿಗೆ ಕನ್ನಡದ ಮನೆಗಳಲ್ಲಿ ಒಳ್ಳೆಯ ಅರ್ಥವಿಲ್ಲ. ಸಾಲ ಕೇಳಲು ಬರುವ ನೆಂಟ, ಮಗಳಿಗೆ ವರನನ್ನು ಅರಸುವ ತಂದೆ, ಮತ ಯಾಚಿಸುವ ಅಭ್ಯರ್ಥಿ, ಇವರೆಲ್ಲರೂ ಒಂದಲ್ಲ ಒಂದು ದಿನ ‘ಗಾಳ ಹಾಕುತ್ತಿದ್ದಾನೆ’ ಎಂಬ ಅಪವಾದಕ್ಕೆ ಗುರಿಯಾಗುವವರೇ. ಆದರೆ ನಿಜವಾದ ಗಾಳವನ್ನು ಹಿಡಿದು ನೀರಿನ ಅಂಚಿನಲ್ಲಿ ಗಂಟೆಗಟ್ಟಲೆ ಮೌನವಾಗಿ ಕುಳಿತಿರುವವನನ್ನು ಕಂಡರೆ ಮೋಸಗಾರನಿಗಿಂತ ತಪಸ್ವಿಯ ನೆನಪೇ ಹೆಚ್ಚಾಗಿ ಬರುತ್ತದೆ.

ಈ ತಪಸ್ವಿಯ ಪೆಟ್ಟಿಗೆಯನ್ನು ತೆರೆದು ನೋಡಿದ ಮಕ್ಕಳು ಅದನ್ನು ಆಟಿಕೆಯ ಅಂಗಡಿಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಬೆರಳುದ್ದದ ಪುಟ್ಟ ಮೀನುಗಳು. ಒಂದಕ್ಕೆ ಬೆಳ್ಳಿಯ ಹೊಟ್ಟೆ, ಇನ್ನೊಂದಕ್ಕೆ ಹಸುರು ಬೆನ್ನು, ಮತ್ತೊಂದಕ್ಕೆ ಕಿತ್ತಳೆಯ ಕೊರಳು. ಎಲ್ಲಕ್ಕೂ ಬಣ್ಣದ ಕಣ್ಣು, ಹೊಟ್ಟೆಯ ಅಡಿಯಲ್ಲಿ ಮೂರು ಕವಲಿನ ಕೊಕ್ಕೆ. ಇವು ಹುಸಿ ಮೀನುಗಳು. ಮೀನಿಗೆ ತೋರಿಸುವ ತಿಂಡಿಗೆ ಕನ್ನಡದಲ್ಲಿ ‘ಎರೆ’ ಎಂದು ಹೆಸರು. ಹೊಲದ ಎರೆಹುಳುವಿನ ಹೆಸರಿನಲ್ಲಿಯೂ ಆ ಮಾತು ಉಳಿದಿದೆ. ಎರೆಹುಳು ದಿಟದ ಎರೆ. ಪೆಟ್ಟಿಗೆಯಲ್ಲಿರುವುದು ಹುಸಿ ಎರೆ.

ಇವುಗಳಲ್ಲಿ ಯಾವುದು ಮೇಲು? ಇಬ್ಬರು ಹವ್ಯಾಸಿಗಳು ಎಲ್ಲಿ ಸೇರಿದರೂ ಏಳುವ ಪ್ರಶ್ನೆ ಇದು. ಅಮೆರಿಕದಲ್ಲಿ ಬಾಸ್ ಎಂಬ ಮೀನನ್ನು ಬೆನ್ನಟ್ಟುವವರಲ್ಲಂತೂ ಇದು ಮುಗಿಯದ ವಾದ. ಬಾಸ್ ಅಗಲ ಬಾಯಿಯ ಬೇಟೆಗಾರ ಮೀನು. ಮರದ ಬೊಡ್ಡೆಯ ನೆರಳಿನಲ್ಲೋ ಕಳೆಯ ಮರೆಯಲ್ಲೋ ಅಡಗಿದ್ದು, ಹಾದುಹೋಗುವ ಸಣ್ಣ ಮೀನಿನ ಮೇಲೆ ಎರಗುತ್ತದೆ. ಅದನ್ನು ಕೆಣಕಲು ಹುಟ್ಟಿದ ಒಂದು ಬಗೆಯ ಹುಸಿ ಮೀನಿಗೆ ‘ಜರ್ಕ್‌ಬೇಟ್’ ಎಂದು ಹೆಸರು. ಜಗ್ಗಿ ಜಗ್ಗಿ ಆಡಿಸುವ ಎರೆ ಎಂದು ಅರ್ಥ.

ಅದರ ಗುಟ್ಟು ಸರಳವಾದದ್ದು. ಕೋಲಿನ ತುದಿಯಿಂದ ಎರಡು ಸಲ ಜಗ್ಗಿದರೆ ಹುಸಿ ಮೀನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಿಮ್ಮುತ್ತದೆ. ಅನಂತರ ದಾರವನ್ನು ಸಡಿಲ ಬಿಟ್ಟು ಸುಮ್ಮನಿರಬೇಕು. ನೋಡುವ ಮೀನಿಗೆ ಅದು ಗಾಯಗೊಂಡ ಮರಿಯಂತೆ, ಓಡಲು ಹೋಗಿ ಸೋತು ನಿಂತ ಪ್ರಾಣಿಯಂತೆ ತೋರುತ್ತದೆ. ಹೆಚ್ಚಿನ ಸಲ ಮೀನು ಎರಗುವುದು ಜಗ್ಗಿದಾಗಲ್ಲ, ನಿಂತಾಗ. ನೀರು ತಣ್ಣಗಿದ್ದರೆ ಮೀನಿನ ಮೈಯೂ ಮಂದ, ಹಸಿವೂ ಮಂದ. ಆಗ ನಿಲ್ಲಿಸುವ ಹೊತ್ತನ್ನು ಹೆಚ್ಚಿಸಬೇಕು. ಬೆಚ್ಚಗಿದ್ದರೆ ಬೇಗ ಬೇಗ ಆಡಿಸಬಹುದು. ಬಿಟ್ಟೊಡನೆ ತೇಲುವುದು, ಮುಳುಗುವುದು, ಬಿಟ್ಟಲ್ಲಿಯೇ ನಡುನೀರಿನಲ್ಲಿ ತಟಸ್ಥವಾಗಿ ನಿಲ್ಲುವುದು ಎಂದು ಜರ್ಕ್‌ಬೇಟಿನಲ್ಲಿ ಮೂರು ಜಾತಿ. ಮೂತಿಯ ಕೆಳಗಿನ ತಗಡಿನಂಥ ತುಟಿ ಉದ್ದವಾದಷ್ಟೂ ಅದು ಆಳಕ್ಕಿಳಿಯುತ್ತದೆ. ತಿಳಿನೀರಿಗೆ ಬೆಳ್ಳಿಯ ಸಹಜ ಬಣ್ಣ, ಕದಡಿದ ನೀರಿಗೆ ಎದ್ದು ಕಾಣುವ ಬಣ್ಣ. ನೀರಿನ ಆಳ, ತಿಳಿ, ಬಿಸುಪು, ಈ ಮೂರನ್ನು ನೋಡಿ ಆರಿಸಿದವನು ಬಹುಮಟ್ಟಿಗೆ ಸರಿಯಾಗಿಯೇ ಆರಿಸಿರುತ್ತಾನೆ. ಉಳಿದದ್ದು ಅಂಗಡಿಯವನ ಮಾತು.

ಈ ವಿದ್ಯೆಯ ಹಿಂದೆ ಒಬ್ಬ ಬಡವನ ಕಣ್ಣಿದೆ. ಫಿನ್ಲೆಂಡಿನ ಬೆಸ್ತ ಲೌರಿ ರಪಾಲ ಸರೋವರದಲ್ಲಿ ಮೀನು ಹಿಡಿದು ಸಂಸಾರ ಸಾಗಿಸುತ್ತಿದ್ದವನು. ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ, ಓರೆಯಾಗಿ ಈಜುವ ದುರ್ಬಲವಾದ ಒಂದನ್ನೇ ಆರಿಸಿ ನುಂಗುವುದನ್ನು ಅವನು ಗಮನಿಸಿದ. 1936ರಲ್ಲಿ ಬೆಂಡನ್ನು ಚಾಕುವಿನಿಂದ ಕೆತ್ತಿ, ಚಾಕೊಲೇಟಿನ ಬೆಳ್ಳಿಕಾಗದವನ್ನು ಸುತ್ತಿ, ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದು, ಕುಂಟುತ್ತಾ ಈಜುವ ಹುಸಿ ಮೀನನ್ನು ಸೃಷ್ಟಿಸಿದ. 1962ರ ಆಗಸ್ಟಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಅವನ ವಿಷಯವನ್ನು ಪ್ರಕಟಿಸಿತು. ಅದೇ ಸಂಚಿಕೆಯಲ್ಲಿ ಆಗತಾನೇ ತೀರಿಕೊಂಡಿದ್ದ ನಟಿ ಮರಿಲಿನ್ ಮನ್ರೋಳ ಚಿತ್ರಲೇಖನವಿದ್ದುದರಿಂದ ಪ್ರತಿಗಳು ಅಪಾರವಾಗಿ ಖರ್ಚಾದವು. ಜತೆಯಲ್ಲಿ ರಪಾಲನ ಮೀನಿನ ಕೀರ್ತಿಯೂ ಹಬ್ಬಿತು.

ಚನ್ನಪಟ್ಟಣದ ಆಟಿಕೆಯನ್ನು ಬಲ್ಲವರಿಗೆ ಈ ಕಸುಬು ಪೂರ್ತಿ ಅಪರಿಚಿತವಾಗಿ ತೋರದು. ಹಗುರವಾದ ಆಲೆ ಮರವನ್ನು ಚರಕಿಗೆ ಹಿಡಿದು, ತಿರುಗುವಾಗಲೇ ಬಣ್ಣದ ಅರಗನ್ನು ಒತ್ತಿ, ಉಜ್ಜುವಿಕೆಯ ಬಿಸಿಯಿಂದಲೇ ಕರಗಿಸಿ ಮೈಗೆ ಹತ್ತಿಸುವ ಅಲ್ಲಿನ ಕುಶಲಿಯೂ ಮರಕ್ಕೆ ಜೀವ ಬಂದಂತೆ ಮಾಡುವವನೇ. ಆದರೆ ಒಂದು ವ್ಯತ್ಯಾಸವುಂಟು. ಚನ್ನಪಟ್ಟಣದ ಬುಗುರಿ ಓಲಾಡದೆ ನೇರ ನಿಂತು ತಿರುಗಿದರೆ ಹೆಚ್ಚು ಬೆಲೆ. ಹುಸಿ ಮೀನು ನೇರವಾಗಿ ಈಜಿದರೆ ಅದಕ್ಕೆ ಬೆಲೆಯೇ ಇಲ್ಲ. ಅದರ ಗುಣವೆಲ್ಲ ಕುಂಟುವುದರಲ್ಲಿದೆ.

ಇಷ್ಟು ಕೇಳಿದ ತರುಣನೊಬ್ಬ, ಪೆಟ್ಟಿಗೆ ಕಟ್ಟಿಕೊಂಡು ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಹೊರಟನೆಂದು ಭಾವಿಸೋಣ. ಮಾಗಡಿಯ ಕಡೆಗೆ ಹೋದರೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ. ಚನ್ನಪಟ್ಟಣದ ಬಳಿ ಕಣ್ವ ಜಲಾಶಯ. ಸುತ್ತಲೂ ಹತ್ತಾರು ಕೆರೆಗಳು. ಆದರೆ ಅವನು ಬಾಸ್ ಮೀನನ್ನು ಹುಡುಕಿದರೆ ಬರಿಗೈಯಲ್ಲಿ ಹಿಂದಿರುಗಬೇಕು. ಅದು ಈ ನೆಲದ ಮೀನಲ್ಲ. ಇಲ್ಲಿನ ಕೆರೆಗಳಲ್ಲಿ ಅದರ ಸ್ಥಾನದಲ್ಲಿರುವ ಬೇಟೆಗಾರನೆಂದರೆ ಹಾವಿನಂಥ ತಲೆಯ ಕೊರವ. ಅದೂ ಕಳೆಯ ಮರೆಯಲ್ಲಿ ಹೊಂಚುತ್ತದೆ, ಅದೂ ಹುಸಿ ಎರೆಗೆ ಎರಗುತ್ತದೆ. ಕಳೆ ದಟ್ಟವಾಗಿರುವಲ್ಲಿ ಮೂರು ಕವಲಿನ ಕೊಕ್ಕೆ ಸಿಕ್ಕಿಕೊಳ್ಳುವುದರಿಂದ, ನೀರಿನ ಮೇಲೆ ತೇಲುವ ಮೆತ್ತನೆಯ ಹುಸಿ ಕಪ್ಪೆಯೇ ಅದಕ್ಕೆ ತಕ್ಕ ಎರೆ. ಮರಿಗಳ ಹಿಂಡು ನೀರಿನ ಮೇಲೆ ಕೆಂಪಗೆ ಕುದಿಯುವಂತೆ ಕಂಡಲ್ಲಿ ತಂದೆತಾಯಿ ಕೊರವಗಳು ಕೆಳಗೆ ಕಾವಲಿರುತ್ತವೆ. ಹತ್ತಿರ ಬಂದ ಯಾವುದನ್ನಾದರೂ ಕಚ್ಚುತ್ತವೆ. ಆಗ ಗಾಳ ಎಸೆಯುವುದು ಸುಲಭ, ಎಸೆಯದಿರುವುದೇ ಮರ್ಯಾದೆ. ಕಾವಲು ತಪ್ಪಿದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ.

ಅರ್ಕಾವತಿಯ ಜತೆಯಲ್ಲಿಯೇ ಪಯಣ ಮುಂದುವರಿದರೆ ರಾಮನಗರ ಬರುತ್ತದೆ, ಅನಂತರ ಕನಕಪುರ. ನಂದಿಬೆಟ್ಟದಲ್ಲಿ ಹುಟ್ಟಿದ ಈ ಹೊಳೆಗೆ ಬೆಂಗಳೂರಿನ ಕೊಳೆನೀರನ್ನು ಹೊತ್ತ ವೃಷಭಾವತಿಯೂ ದಾರಿಯಲ್ಲಿ ಸೇರಿ, ಕೊನೆಗೆ ಸಂಗಮದಲ್ಲಿ ಕಾವೇರಿಯೊಳಗೆ ಕರಗುತ್ತದೆ. ಮೇಕೆದಾಟಿನ ಬಂಡೆಗಳನ್ನು ನೋಡಲು ಹೋಗುವ ಸಂಸಾರಗಳು ಹರಿಗೋಲಿನಲ್ಲಿ ದಾಟುವ ಸ್ಥಳವೇ ಇದು. ಆ ನೀರಿನ ಕೆಳಗೆ, ಬಂಡೆಗಳ ನಡುವಣ ಮಡುಗಳಲ್ಲಿ, ಜಗತ್ತಿನ ಗಾಳಗಾರರೆಲ್ಲ ಒಂದು ಕಾಲಕ್ಕೆ ಕನಸು ಕಂಡ ಮೀನು ವಾಸಿಸುತ್ತಿತ್ತು. ಅದೇ ಗೂನುಬೆನ್ನಿನ ಮಶೀರ್. ಹೊಳೆಯ ಜನರ ಬಾಯಲ್ಲಿ ಬಿಳಿಮೀನು.

ಮಶೀರ್ ಮೀನನ್ನು ಗಾಳದ ಲೋಕಕ್ಕೆ ಪರಿಚಯಿಸಿದ ಗ್ರಂಥಗಳಲ್ಲೊಂದು ಕರ್ನಾಟಕದ ಕರಾವಳಿಯಲ್ಲಿಯೇ ಹುಟ್ಟಿತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಮಶೀರ್ ಮೀನಿನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿ ಹಲ್ಲುಂಟು. ಅದರ ಬಾಯ ಬಲಕ್ಕೆ ಕೊಕ್ಕೆಗಳು ಚಪ್ಪಟೆಯಾಗುವುದೂ ಉಂಟು. ಅಂದಿನ ಆಂಗ್ಲರು ಅದಕ್ಕೆ ಎಸೆಯುತ್ತಿದ್ದ ಮೆಚ್ಚಿನ ಹುಸಿ ಎರೆ ಚಮಚದ ಆಕಾರದ ಹಿತ್ತಾಳೆಯ ತಗಡು. ನೀರಿನಲ್ಲಿ ಎಳೆದಾಗ ಅದು ಹೊರಳಿ ಹೊರಳಿ ಮಿಂಚುತ್ತದೆ. 1919ರಲ್ಲಿ ಕೊಡಗಿನ ಕಾವೇರಿಯಲ್ಲಿ 119 ಪೌಂಡಿನ ಮೀನು ಸಿಕ್ಕಿತು. 1946ರಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕರ ಮನೆತನದ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಎಂದರೆ ಸುಮಾರು 54 ಕಿಲೋ. ಒಬ್ಬ ವಯಸ್ಕನ ತೂಕದ ಮೀನು!

ಅನಂತರ ಬಹುಕಾಲ ಆ ಮೀನು ಮರೆತೇಹೋದಂತಿತ್ತು. 1977-78ರಲ್ಲಿ ಇಂಗ್ಲೆಂಡಿನ ಮೂವರು ತರುಣರು ಕಾವೇರಿಗೆ ಬಂದು ಅದನ್ನು ಮತ್ತೆ ಹಿಡಿದು ತೋರಿಸಿದ ಮೇಲೆ ವಿದೇಶಿ ಹವ್ಯಾಸಿಗಳ ಸಾಲು ಹರಿಯಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳು ಎದ್ದವು. ಪೆಟ್ಟಿಗೆ ತುಂಬ ಹುಸಿ ಮೀನು ತಂದ ಪರದೇಶದವರಿಗೆ ಕಾವೇರಿ ಒಂದು ಪಾಠ ಕಲಿಸಿತು: ಇಲ್ಲಿನ ದೊಡ್ಡ ಮೀನಿಗೆ ಅತಿ ಮೆಚ್ಚಿನ ಎರೆಗಳಲ್ಲೊಂದು ರಾಗಿಯ ಮುದ್ದೆ! ರಾಗಿಹಿಟ್ಟಿಗೆ ಮಸಾಲೆ ಬೆರೆಸಿ, ಗಟ್ಟಿಯಾಗಿ ಬೇಯಿಸಿ, ನಿಂಬೆಯಷ್ಟು ಅಥವಾ ಕಿತ್ತಳೆಯಷ್ಟು ಉಂಡೆ ಕಟ್ಟಿ ಕೊಕ್ಕೆಗೆ ಮೆತ್ತಿದರೆ ಸೆಳೆತದಲ್ಲಿಯೂ ಕರಗದೆ ನಿಲ್ಲುತ್ತದೆ. ದಡದ ಮರಗಳಿಂದ ಉದುರಿದ ಹಣ್ಣನ್ನೂ ಏಡಿಯನ್ನೂ ಒಂದೇ ರುಚಿಯಿಂದ ತಿನ್ನುವ ಮೀನಿಗೆ ರಾಗಿ ಒಗ್ಗಿದ್ದು ಸಹಜವೇ. ಕನಕಪುರದ ರೈತನಿಗೂ ಕಾವೇರಿಯ ಮಶೀರಿಗೂ ಊಟ ಒಂದೇ ಎಂದಾಯಿತು.

ಈ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವುದು ನಿಯಮವಾಯಿತು. ಹಿಂದೆ ಬಲೆಯನ್ನೋ ಸಿಡಿಮದ್ದನ್ನೋ ನೆಚ್ಚಿದ್ದ ಕೆಲವರು ದಾರಿ ತೋರಿಸುವ ಸಹಾಯಕರಾಗಿ, ಮೀನಿನ ಕಾವಲಿಗೇ ನಿಂತರು. ಹಾಗೆ ಬರೆದಿಟ್ಟ ಲೆಕ್ಕ ಮುಂದೆ ವಿಜ್ಞಾನಿಗಳಿಗೆ ನಿಧಿಯಾಯಿತು. 1998ರಿಂದ 2012ರವರೆಗೆ ಗಾಳಿಬೋರೆಯ ಪುಸ್ತಕಗಳಲ್ಲಿ 23,620 ಗಂಟೆಗಳ ಗಾಳ, 6,161 ಮಶೀರ್ ಮೀನು. ಒಟ್ಟು ಎಣಿಕೆ ಏರುತ್ತ ಹೋಗಿತ್ತು. ಸಂತೋಷಪಡಬೇಕಾದ ವಿಷಯವೆಂದು ತೋರುವಷ್ಟರಲ್ಲಿ ಲೆಕ್ಕ ಬಿಡಿಸಿದವರ ಮುಖ ಬಾಡಿತು. ಏರಿದ್ದು ನೀಲಿರೆಕ್ಕೆಯ ಮಶೀರ್. ಕಾವೇರಿಯ ಸ್ವಂತ ಗೂನುಬೆನ್ನಿನದು ಇಳಿಯುತ್ತ ಇಳಿಯುತ್ತ ಕಾಣದಂತಾಗುತ್ತಿತ್ತು.

ನೀಲಿರೆಕ್ಕೆಯದು ತಾನಾಗಿ ಬಂದದ್ದಲ್ಲ. 1970ರ ದಶಕದಿಂದ ಮುಂದೆ, ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ಮರಿಗಳನ್ನು, ಮಶೀರ್ ಸಂತತಿ ಹೆಚ್ಚಲೆಂಬ ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ತಂದು ಬಿಡಲಾಗಿತ್ತು. ಅಂದು ಗೂನುಬೆನ್ನಿನ ಮೀನಿಗೆ ಖಚಿತವಾದ ಶಾಸ್ತ್ರೀಯ ಹೆಸರೂ ಇರಲಿಲ್ಲ. ಕಾವೇರಿಗೇ ಸೇರಿದ ಪಾಂಬಾರ್ ಹೊಳೆಯಲ್ಲಿ ಕೇರಳದ ಸಂಶೋಧಕರು ಗುರುತಿಸಿದ್ದ ‘ಟಾರ್ ರೇಮಾದೇವಿ’ಯೂ ಇದೂ ಒಂದೇ ಎಂಬುದು 2018ರಲ್ಲಿ ನಿಶ್ಚಯವಾಯಿತು, ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರಿಟ್ಟ ದಿನವೇ ಆಯುಷ್ಯದ ಚಿಂತೆ! ಅಣೆಕಟ್ಟು, ಮರಳುಗಾರಿಕೆ, ಕೊಳೆನೀರು, ಸಿಡಿಮದ್ದು, ಇವುಗಳ ಜತೆಗೆ ಪ್ರೀತಿಯಿಂದ ತಂದುಬಿಟ್ಟ ಬಂಧುವೂ ಅದರ ಕಷ್ಟದಲ್ಲಿ ಪಾಲುದಾರನಾಯಿತು.

ಬಾಸ್ ಮೀನಿನ ಕಥೆಯೂ ಬೇರೆಯಲ್ಲ. 1925ರಲ್ಲಿ ಜಪಾನಿನ ಒಂದು ಸರೋವರಕ್ಕೆ ಅದನ್ನು ತಂದು ಬಿಟ್ಟರು. ಗಾಳದ ಹುಚ್ಚು ಹಬ್ಬಿದಂತೆ ಮೀನೂ ಹಬ್ಬಿತು. ಅಲ್ಲಿನ ಸಹಜ ಮೀನುಗಳನ್ನು ತಿಂದು ತೇಗಿತು. ಕೊನೆಗೆ ಅದನ್ನು ಸಾಕುವುದನ್ನೂ ಸಾಗಿಸುವುದನ್ನೂ ತಡೆಯುವ ಕಾನೂನು 2005ರಲ್ಲಿ ಅಲ್ಲಿ ಜಾರಿಗೆ ಬಂದಿತು.

ಕಾವೇರಿ ವನ್ಯಜೀವಿ ಧಾಮ 1987ರಲ್ಲಿ ಘೋಷಿತವಾಗಿತ್ತು. ಅದರೊಳಗಿನ ಗಾಳದ ಆಟ, ವನ್ಯಜೀವಿ ಕಾಯಿದೆಯ ಮೇರೆಗೆ, 2012ರ ಹೊತ್ತಿಗೆ ನಿಂತಿತು. ಅಭಯಾರಣ್ಯದಲ್ಲಿ ಹುಲಿಗೊಂದು ನ್ಯಾಯ, ಮೀನಿಗೊಂದು ನ್ಯಾಯ ಇರಬಾರದೆಂಬುದು ಒಂದು ಪಕ್ಷ. ಹಿಡಿದು ಬಿಡುವವನು ಹೋದ ಮೇಲೆ ಹಿಡಿದು ಮಾರುವವನನ್ನು ನೋಡುವ ಕಣ್ಣು ಯಾವುದು, ದಡದ ಕಾವಲಿನವನ ಕೂಲಿಯ ಗತಿಯೇನು ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯವಿದೆ. ಅತ್ತ ರಾಮನಾಥಪುರದ ಕಾವೇರಿಯಲ್ಲಿ, ಶೃಂಗೇರಿಯ ತುಂಗೆಯಲ್ಲಿ, ದೇವರ ಮೀನೆಂಬ ಒಂದೇ ನಂಬಿಕೆ ಮಶೀರಿನ ಹಿಂಡುಗಳನ್ನು ತಲೆಮಾರುಗಳಿಂದ ಕಾದಿದೆ. ಅಲ್ಲಿ ಯಾತ್ರಿಕರು ಪುರಿಯನ್ನು ಎರಚುತ್ತಾರೆ, ಕೊಕ್ಕೆಯನ್ನಲ್ಲ.

ಹಾಗಾದರೆ ಪೆಟ್ಟಿಗೆ ಹಿಡಿದು ಹೊರಟ ತರುಣ ಏನು ಮಾಡಬೇಕು? ಪೆಟ್ಟಿಗೆಯನ್ನು ಎಸೆಯಬೇಕಾಗಿಲ್ಲ. ಧಾಮದ ಎಲ್ಲೆಯೊಳಗೆ ಗಾಳವನ್ನು ಬಿಚ್ಚಬಾರದು. ಹೊರಗಿನ ಕೆರೆ ಯಾರ ಗುತ್ತಿಗೆಯಲ್ಲಿದೆಯೋ ಅವರ ಅಪ್ಪಣೆಯನ್ನು ಮೊದಲು ಪಡೆಯಬೇಕು. ಮೂರು ಕವಲಿನ ಕೊಕ್ಕೆಯನ್ನು ಕಳಚಿ, ಹಿಂಮುಳ್ಳಿಲ್ಲದ ಒಂಟಿ ಕೊಕ್ಕೆಯನ್ನು ಹಾಕಿಕೊಂಡರೆ ಬಿಡಿಸುವುದು ಸುಲಭ, ಗಾಯವೂ ಕಡಮೆ. ಬಿಡುವ ಮೀನನ್ನು ಒದ್ದೆಗೈಯಿಂದ ಹಿಡಿದು, ನೀರಿನಲ್ಲಿಯೇ ಬಿಡಿಸಿ, ಅದಕ್ಕೆ ಉಸಿರು ತಿರುಗುವ ತನಕ ಆಸರೆ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ನೀರಿನ ಮೀನನ್ನು ಇನ್ನೊಂದು ನೀರಿಗೆ ಒಯ್ಯಬಾರದು. ಮನೆಯ ಗಾಜಿನ ತೊಟ್ಟಿಯಲ್ಲಿ ಬೇಸರವಾದ ಮೀನನ್ನು ಊರ ಕೆರೆಗೆ ಸುರಿಯಲೂ ಬಾರದು. ಈ ಕೊನೆಯ ಮಾತು ಗಾಳ ಹಿಡಿಯದ ಮನೆಗಳಿಗೂ ಸಲ್ಲುತ್ತದೆ.

ಯಾವ ಹುಸಿ ಮೀನು ಮೇಲು ಎಂಬ ಪ್ರಶ್ನೆಗೆ ರಪಾಲ ಕೊಟ್ಟ ಉತ್ತರ ಇಂದಿಗೂ ನಿಂತಿದೆ: ಮೊದಲು ನೀರಿನಲ್ಲಿರುವ ದಿಟದ ಮೀನನ್ನು ನೋಡು. ಹಾಗೆ ನೋಡಲು ಕಲಿತವನಿಗೆ ಯಾವುದನ್ನು ಎಸೆಯಬೇಕೆಂಬುದು ತಿಳಿಯುತ್ತದೆ. ಎಲ್ಲಿ ಎಸೆಯಬಾರದೆಂಬುದೂ ತಿಳಿಯುತ್ತದೆ. ಸಂಗಮದಲ್ಲಿ ಹರಿಗೋಲಿನಿಂದ ಬಗ್ಗಿ ನೀರನ್ನು ನೋಡುವ ಮಗು ‘ಇಲ್ಲಿ ದೊಡ್ಡ ಮೀನು ಇದೆಯೇ ಅಪ್ಪಾ?’ ಎಂದು ಕೇಳಿದರೆ, ‘ಇತ್ತು’ ಎಂಬ ಉತ್ತರ ಬಾರದಂತೆ ನೋಡಿಕೊಳ್ಳುವುದು ಗಾಳ ಹಿಡಿದವನ ಹೊಣೆಯೂ ಹೌದು, ಊರಿನ ಕೊಳೆಯನ್ನು ಹೊಳೆಗೆ ಕಳುಹಿಸುವ ನಗರದ ಹೊಣೆಯೂ ಹೌದು.